ಪ್ಯಾಪಿಲರಿ ಕಿಡ್ನಿ ಕ್ಯಾನ್ಸರ್ ಸೆಲ್ ಲೈನ್ ಮಾಡ್ಲಿಕ್ಕೆ ಹೊರಟು ಸಿಕ್ಕಿಬಿದ್ದವರಿಗೆ: ಫ್ಲಾಸ್ಕಲ್ಲಿ ಎಂತ ಕಂಡ್ರೆ ಎಂತ ಮಾಡುವುದು

ಕಾಸರಗೋಡಲ್ಲಿ ಕೂತು ಕಿಡ್ನಿ ಗೆಡ್ಡೆಯಿಂದ ಸೆಲ್ ಲೈನ್, ಅಂದ್ರೆ ಲ್ಯಾಬಲ್ಲಿ ನಿಲ್ಲದೆ ಬೆಳೆಯುವ ಸೆಲ್ಸಿನ ಸಂತತಿ, ಮಾಡ್ತೇವೆ ಅಂದ್ರೆ ನಗುವವರೇ ಜಾಸ್ತಿ, ಮೊದಲ ಎರಡು ವರ್ಷ ನಾವು ಮಾಡಿದ್ದೂ ನಗುವಂಥದ್ದೇ. ಆಪರೇಷನ್ ಮಂಗಳೂರಲ್ಲಿ, ಲ್ಯಾಬ್ ಇಲ್ಲಿ, ನಡುವೆ ಐವತ್ತು ಕಿಲೋಮೀಟರ್ ಹೈವೇ, ತಲಪಾಡಿ ದಾಟುವಾಗ ದಿನಕ್ಕೊಂದು ಕಥೆ. ಅದರ ಮೇಲೆ ಜೂನ್‌ನಿಂದ ಸುರಿಯುವ ಮಳೆ, ಹೋಗಿ ಬಂದು ಆಟ ಆಡುವ ಕರೆಂಟು. ಹಾಗೆ ಎಡವಿ ಎಡವಿ ಗೊತ್ತಾದದ್ದನ್ನು ಇಲ್ಲಿ ಬರೀತಿದ್ದೇನೆ, ಹೊಸತಾಗಿ ಪ್ರಾಜೆಕ್ಟಿಗೆ ಸೇರಿದ ಮಕ್ಕಳು ನಮ್ಮ ಹಾಗೆ ಮಂಡೆಬಿಸಿ ಮಾಡ್ಕೊಳ್ಳುವುದು ಬೇಡ ಅಂತ.

ಕಿಡ್ನಿ ಕ್ಯಾನ್ಸರಲ್ಲಿ ಮುಕ್ಕಾಲು ಪಾಲು ಕ್ಲಿಯರ್ ಸೆಲ್ ಅನ್ನುವ ಜಾತಿ, ಪ್ಯಾಪಿಲರಿ ಅನ್ನುವ ಜಾತಿ ನೂರರಲ್ಲಿ 10ರಿಂದ 15. ಅಂಗಡಿಯಲ್ಲಿ ಸಿಗುವ ಲೈನುಗಳೂ ಹಾಗೇ, 786-ಒ, ಎ498 ಎಲ್ಲ ಕ್ಲಿಯರ್ ಸೆಲ್ ಕಡೆಯವು, ಪ್ಯಾಪಿಲರಿಗೆ ಅಂತ ಜನ ಎಸಿಎಚ್‌ಎನ್, ಕಾಕಿ-2 ಹಿಡ್ಕೊಂಡು ಸುಧಾರಿಸ್ತಾರೆ, ಅದರಲ್ಲೂ ಈ ಕಾಕಿ-2 ತುಂಬ ಕಾಲ ಕ್ಲಿಯರ್ ಸೆಲ್ ಅಂತಲೇ ಹೇಳಿಸಿಕೊಂಡದ್ದು. ಅದಕ್ಕೇ ಹೊಸ ಲೈನಿಗೆ ಬೆಲೆ ಉಂಟು.

ಕೆಳಗಿನದ್ದನ್ನೆಲ್ಲ ಓದುವ ಮೊದಲು ಒಂದು ಕೆಲಸ. ಗೆಡ್ಡೆ ಕೈಗೆ ಬಂದ ದಿನವೇ, ಕಲ್ಚರ್ ಹಾಕುವ ಮೊದಲೇ, ನಾಲ್ಕು ಸಾಮಾನು ತೆಗೆದಿಡಿ: ಪೇಶೆಂಟಿನ ಸ್ವಲ್ಪ ರಕ್ತ, ಗೆಡ್ಡೆಯ ಒಂದು ಚೂರು ಮೈನಸ್ 80 ಡಿಗ್ರಿಯ ಫ್ರೀಜರಲ್ಲಿ, ಅದೇ ಕಿಡ್ನಿಯ ಒಳ್ಳೆ ಭಾಗದ ಒಂದು ಚೂರು, ಮತ್ತೆ ಪೆಥಾಲಜಿಯವರು ಗೆಡ್ಡೆಯನ್ನು ಮೇಣದಲ್ಲಿ ಕೂರಿಸಿ ವ್ಯಾಕ್ಸ್ ಬ್ಲಾಕ್ ಮಾಡಿದ್ದರ ನಂಬರ್. ಇದಿಲ್ಲದಿದ್ರೆ ಮುಂದೆ ಏನು ತೊಂದರೆ ಬಂದ್ರೂ ಯಾವುದರ ಜೊತೆ ಹೋಲಿಸಿ ನೋಡುವುದು ಮಾರಾಯ್ರೆ? ಕನ್ಸೆಂಟ್ ಫಾರ್ಮಿನಲ್ಲಿ ಈ ರಕ್ತದ ವಿಷಯವೂ ಬರೆದಿರ್ಬೇಕು. ನಮ್ಮೂರಲ್ಲಿ ಫಾರ್ಮ್ ಕನ್ನಡದಲ್ಲೂ ಮಲಯಾಳದಲ್ಲೂ ಇದ್ರೆ ಸಾಕಾಗುವುದಿಲ್ಲ, ತುಳುವಲ್ಲೋ ಬ್ಯಾರಿಯಲ್ಲೋ ಬಾಯಲ್ಲಿ ಹೇಳಿ ಅರ್ಥ ಆಗಿದೆಯಾ ಅಂತ ಕೇಳ್ಬೇಕಾಗ್ತದೆ. ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಒಂದು ಚೂರೂ ಮುಟ್ಟಬೇಡಿ.

ಇನ್ನೊಂದು, ಸೇಫ್ಟಿ. ಪೇಶೆಂಟಿನ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಿಪೋರ್ಟ್ ನೆಗೆಟಿವ್ ಇದ್ರೂ ಟಿಶ್ಯೂವನ್ನು ಸೋಂಕು ಇರುವಂಥದ್ದೇ ಅಂತ ತಿಳ್ಕೊಂಡು ಕ್ಲಾಸ್ 2 ಹುಡ್ (ಗಾಳಿ ಫಿಲ್ಟರ್ ಮಾಡುವ ಕೆಲಸದ ಪೆಟ್ಟಿಗೆ) ಒಳಗೇ ಕೆಲಸ ಮಾಡುವುದು, ಕೆಲಸ ಮಾಡುವವರಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿರ್ಬೇಕು. ಮತ್ತೆ ಕಂಟ್ರೋಲಿಗೆ ಬೇಕು ಅಂತ ನಿಮ್ಮದೇ ರಕ್ತ ತೆಗೆದು ಕಲ್ಚರ್ ಮಾಡುವ ಬುದ್ಧಿವಂತಿಕೆ ಖಂಡಿತ ಬೇಡ, ನಿಮ್ಮ ಸೆಲ್ಸ್ ಏನಾದ್ರೂ ಬದಲಾಗಿ ಸೂಜಿಯಲ್ಲಿ ನಿಮಗೇ ವಾಪಸ್ ಚುಚ್ಚಿದ್ರೆ ದೇಹ ಅದನ್ನು ಹೊರಗಿನದ್ದು ಅಂತ ಗುರುತಿಸ್ಲಿಕ್ಕಿಲ್ಲ.

ಮೀಡಿಯಾದ ಬಣ್ಣ ಸರಿ ಇಲ್ಲ

ಇದು ಎಲ್ಲಕ್ಕಿಂತ ಸುಲಭದ್ದು, ಕಣ್ಣಲ್ಲೇ ನೋಡಿ ಹೇಳಬಹುದು. ಮೀಡಿಯಾ ಅಂದ್ರೆ ಸೆಲ್ಸಿಗೆ ಹಾಕುವ ಪೋಷಕ ದ್ರವ, ಸರಿ ಇದ್ರೆ ಕೆಂಪು-ಕಿತ್ತಳೆ. ನೇರಳೆ ಗುಲಾಬಿಗೆ ತಿರುಗಿದ್ರೆ ಕಾರ್ಬನ್ ಡೈಆಕ್ಸೈಡ್ ಸಿಗ್ತಾ ಇಲ್ಲ ಅಂತ ಅರ್ಥ: ಸಿಲಿಂಡರ್ ಖಾಲಿಯಾ, ಟ್ಯೂಬ್ ಕಳಚಿದೆಯಾ, ಫಿಲ್ಟರ್ ಇಲ್ಲದ ಮುಚ್ಚಳವನ್ನು ಯಾರಾದ್ರೂ ಗಟ್ಟಿ ತಿರುಗಿಸಿ ಇಟ್ಟಿದ್ದಾರಾ, ಇಷ್ಟು ನೋಡಿ. ಇನ್‌ಕ್ಯುಬೇಟರಿನ (ಫ್ಲಾಸ್ಕ್ ಬೆಚ್ಚಗಿಡುವ ಪೆಟ್ಟಿಗೆಯ) ಡಿಸ್ಪ್ಲೇಯಲ್ಲಿ 5 ಪರ್ಸೆಂಟ್ ಅಂತ ತೋರಿಸ್ತದೆ ಅಂತ ನಂಬಿ ಕೂರ್ಬೇಡಿ, ಸೆನ್ಸರ್ ಕೆಟ್ರೂ ಅದು 5 ಅಂತಲೇ ತೋರಿಸ್ಬಹುದು. ಗ್ಯಾಸ್ ಅಳೆಯುವ ಬೇರೆ ಕಿಟ್ ತಂದು ತಿಂಗಳಿಗೊಮ್ಮೆ ನೋಡ್ಬೇಕು.

ಹಳದಿ ಆದ್ರೆ ಎರಡು ಕಾರಣ. ಸೆಲ್ಸ್ ತುಂಬಿ ಹೋಗಿ ಆಸಿಡ್ ಆದದ್ದಾದ್ರೆ ಮೀಡಿಯಾ ಹಳದಿ ಇದ್ರೂ ತಿಳಿಯಾಗೇ ಇರ್ತದೆ, ಬದಲಿಸಿದ್ರೆ ಮುಗೀತು. ರಾತ್ರಿ ಬೆಳಗಾಗುವುದರೊಳಗೆ ಹಳದಿಯೂ ಆಗಿ ಮಬ್ಬೂ ಆಗಿದ್ರೆ ಬ್ಯಾಕ್ಟೀರಿಯಾ. ಒಂದು ತಮಾಷೆ ಉಂಟು, ಕಲ್ಚರ್ ಹಾಕಿ ಮೊದಲ ಹತ್ತು ದಿನದಲ್ಲಿ ಮೀಡಿಯಾ ಹಳದಿ ಆಗದಿದ್ರೆ ನಮಗೆಲ್ಲ ಬೇಜಾರು. ಆಗ್ಲಿಕ್ಕೇ ಇಲ್ಲ, ಸೆಲ್ಸೇ ಇಲ್ಲ ಅಲ್ವಾ ಇನ್ನೂ ಅಷ್ಟು.

ವಾರ ಕಳೆದ್ರೂ ಒಂದೂ ಅಂಟಿಲ್ಲ

ಮೊದಲ ಪ್ರಶ್ನೆ ಲ್ಯಾಬಿಗೆ ಅಲ್ಲ, ಆಪರೇಷನ್ ಥಿಯೇಟರಿಗೆ. ಚೂರನ್ನು ಫಾರ್ಮಲಿನ್‌ಗೆ ಹಾಕಿದ್ರಾ? ಅಲ್ಲಿಯವರಿಗೆ ಕೈಗೆ ಬಂದ ಎಲ್ಲ ಟಿಶ್ಯೂ ಫಾರ್ಮಲಿನ್‌ಗೆ ಹಾಕಿ ಅಭ್ಯಾಸ, ಅವರದ್ದು ತಪ್ಪು ಅಂತಲ್ಲ. ಚೂರು ರಬ್ಬರಿನ ಹಾಗೆ ಗಟ್ಟಿ, ಬೂದು ಬಣ್ಣ ಇದ್ರೆ ಅದು ಸತ್ತು ಆಗಿದೆ, ಒಂದು ತಿಂಗಳು ಕಾದು ಪ್ರಯೋಜನ ಇಲ್ಲ. ಮೂಗಿನ ಹತ್ರ ಹಿಡಿದು ವಾಸನೆ ನೋಡ್ಲಿಕ್ಕೆ ಹೋಗ್ಬೇಡಿ, ಫೋನ್ ಮಾಡಿ ಕೇಳಿ. ನಾವು ಈಗ ಮೀಡಿಯಾ ತುಂಬಿಸಿದ ಟ್ಯೂಬಿಗೆ ಕೆಂಪು ಟೇಪ್ ಸುತ್ತಿ ಮೊದಲೇ ಕೊಟ್ಟು ಬರುವುದು.

ಎರಡನೇದು ಐಸ್. ಟ್ಯೂಬನ್ನು ನೇರ ಐಸ್ ಒಳಗೆ ಹೂತಿಟ್ಟು ತಂದ್ರೆ ಕೆಲವೊಮ್ಮೆ, ಮುಖ್ಯವಾಗಿ ಫ್ರೀಜರಿಂದ ಆಗಷ್ಟೇ ತೆಗೆದ ಜೆಲ್ ಪ್ಯಾಕ್ ಆದ್ರೆ, ಅಂಚಲ್ಲಿ ಟಿಶ್ಯೂ ಹೆಪ್ಪುಗಟ್ತದೆ. ಬೇಕಾದದ್ದು 4 ಡಿಗ್ರಿ, ಅಷ್ಟೇ. ಟ್ಯೂಬಿಗೆ ಬಟ್ಟೆಯೋ ಪೇಪರೋ ಸುತ್ತಿ ಇಡಿ. ನಾಲ್ಕೈದು ಗಂಟೆಯೊಳಗೆ ಕೆಲಸ ಶುರು ಆದ್ರೆ ಗಮ್ಮತ್ತು, ಮಾರನೇ ದಿನವಾದ್ರೂ ತಣ್ಣಗೆ ಇದ್ದದ್ದಾದ್ರೆ ಬಿಸಾಡ್ಬೇಡಿ, ಹಾಕಿ ನೋಡಿ.

ಮೂರನೇದು ಯಾವ ಜಾಗದ ಚೂರು ಅಂತ. ಗೆಡ್ಡೆಯ ನಡು ಭಾಗ ಹೆಚ್ಚಾಗಿ ಸತ್ತದ್ದು, ಹಳದಿ ಬೆಣ್ಣೆಯ ಹಾಗೆ ಮೆತ್ತಗೆ ಇರ್ತದೆ, ಅದರಿಂದ ಏನೂ ಬರ್ಲಿಕ್ಕಿಲ್ಲ. ಅಂಚಿನ ಹತ್ರದ, ಹೊಳೆಯುವ ಗಟ್ಟಿ ಭಾಗ ಕೇಳಿ ತೆಗೆಸಿ.

ಇಷ್ಟೆಲ್ಲ ಸರಿ ಇದ್ದೂ ಅಂಟಿಲ್ಲ ಅಂದ್ರೆ ಜೀರ್ಣ ಮಾಡಿದ್ದು, ಅಂದ್ರೆ ಕೊಲಾಜಿನೇಸ್, ಟ್ರಿಪ್ಸಿನ್ ತರದ ಎನ್‌ಜೈಮ್ ಹಾಕಿ ಟಿಶ್ಯೂವಿನಿಂದ ಸೆಲ್ಸ್ ಬಿಡಿಸಿದ್ದು, ನೋಡ್ಬೇಕು. ಕೊಲಾಜಿನೇಸ್‌ಗೆ ಕ್ಯಾಲ್ಸಿಯಂ ಬೇಕು, ಇಡಿಟಿಎ ಇರುವ ಟ್ರಿಪ್ಸಿನ್ ಜೊತೆ ಬೆರೆಸಿದ್ರೆ ಆ ಕ್ಯಾಲ್ಸಿಯಂ ಎಲ್ಲ ಇಡಿಟಿಎ ಹಿಡ್ಕೊಳ್ತದೆ, ಕೊಲಾಜಿನೇಸ್ ಸುಮ್ಮನೆ ಕೂತ್ಕೊಳ್ತದೆ. ಟ್ಯೂಬಲ್ಲಿ ಲೋಳೆ ಲೋಳೆ, ಪಿಪೆಟ್ಟಿಗೆ ನೂಲಿನ ಹಾಗೆ ಎಳೀತದೆ ಅಂದ್ರೆ ಸೆಲ್ಸ್ ಒಡೆದು ಡಿಎನ್‌ಎ ಹೊರಗೆ ಬಂದಿದೆ, ಟೈಮ್ ಜಾಸ್ತಿ ಆಯ್ತು ಅಂತ. ಸ್ವಲ್ಪ ಡಿಎನ್ಏಸ್ (ಡಿಎನ್‌ಎ ಕತ್ತರಿಸುವ ಎನ್‌ಜೈಮ್) ಹಾಕಿ, ಮುಂದಿನ ಸಲ ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ.

ಕಡೆಯದ್ದು, ಖರ್ಚೇ ಇಲ್ಲದ್ದು: ಅಲ್ಲಾಡಿಸುವುದನ್ನು ನಿಲ್ಲಿಸಿ. ಒಂದು ಮಿಲಿಮೀಟರಿನ ಚೂರುಗಳನ್ನು ಫ್ಲಾಸ್ಕಿನ ತಳಕ್ಕೆ ಅಂಟಿಸಿ, ತೇಲದ ಹಾಗೆ ಸ್ವಲ್ಪವೇ ಮೀಡಿಯಾ ಹಾಕಿ ಇಟ್ಟದ್ದನ್ನು ದಿನಕ್ಕೆ ಮೂರು ಸಲ ತೆಗೆದು ನೋಡಿದ್ರೆ ಹೇಗೆ ಅಂಟುವುದು? ಬಿತ್ತಿದ ಬೀಜ ಅಗೆದು ನೋಡಿದ ಹಾಗೆ. ನಾಲ್ಕು ದಿನ ಬಾಗಿಲು ತೆಗೀಬೇಡಿ. ಚೂರಿನ ಸುತ್ತ ಸೆಲ್ಸ್ ಹೊರಗೆ ಬರ್ಲಿಕ್ಕೆ ಒಂದರಿಂದ ಮೂರು ವಾರ ಆಗ್ತದೆ.

ಚುಕ್ಕೆ, ಮಬ್ಬು, ಹತ್ತಿ

ಚುಕ್ಕೆ ಕಂಡ ಕೂಡ್ಲೇ ಫ್ಲಾಸ್ಕ್ ಬಿಸಾಡ್ಲಿಕ್ಕೆ ಓಡ್ಬೇಡಿ, ಪ್ಯಾಪಿಲರಿ ಗೆಡ್ಡೆಗೆ ಅದರದ್ದೇ ಕಸ ಉಂಟು. ಕಂದು ಬಣ್ಣದ ಹರಳು ಹರಳು ಕಂಡ್ರೆ ಹಳೆ ರಕ್ತದ ಕಬ್ಬಿಣದ ಅಂಶ, ಹೀಮೋಸಿಡರಿನ್. ಗುಂಡಗೆ, ಈರುಳ್ಳಿ ಪದರದ ಹಾಗೆ ಕಾಣುವುದು ಕ್ಯಾಲ್ಸಿಯಂ ಕಟ್ಟಿದ ಸ್ಯಾಮೋಮಾ ಬಾಡಿ. ದೊಡ್ಡ, ನೊರೆ ತುಂಬಿದ ಹಾಗಿರುವ ಸೆಲ್ಸ್ ತಳಕ್ಕೆ ಕಚ್ಚಿ ಹಿಡಿದು ಟ್ರಿಪ್ಸಿನ್‌ಗೂ ಬಗ್ಗದೆ ಕೂತಿದ್ರೆ ಅವು ಮ್ಯಾಕ್ರೊಫೇಜ್, ಹೆಚ್ಚೂ ಆಗುವುದಿಲ್ಲ, ಪಾಸೇಜ್ (ತುಂಬಿದ ಫ್ಲಾಸ್ಕಿಂದ ಹೊಸ ಫ್ಲಾಸ್ಕಿಗೆ ದಾಟಿಸುವುದು) ಆಗ್ತಾ ಆಗ್ತಾ ಹಿಂದೆ ಉಳೀತವೆ. ಮೊದಲ ದಿನ ತೇಲುವ ಚಪ್ಪಟೆ ಗುಂಡುಗಳೆಲ್ಲ ಕೆಂಪು ರಕ್ತಕಣ. ಇವುಗಳಲ್ಲಿ ಯಾವುದೂ ಒಂದು ರಾತ್ರಿಯಲ್ಲಿ ಎರಡು ಪಟ್ಟು ಆಗುವುದಿಲ್ಲ. ಅದೇ ಪರೀಕ್ಷೆ: ಒಂದು ಜಾಗಕ್ಕೆ ಫ್ಲಾಸ್ಕಿನ ಹೊರಗೆ ಪೆನ್ನಿಂದ ರೌಂಡ್ ಹಾಕಿ, ಫೋಟೋ ತೆಗೀರಿ, ಮಾರನೇ ದಿನ ಅದೇ ಜಾಗ ನೋಡಿ. ಹೆಚ್ಚಾಗಿದ್ರೆ ಜೀವ ಉಂಟು.

ಜೀವ ಇರುವುದಾದ್ರೆ, ಪುಟ್ಟ ಪುಟ್ಟದ್ದು ಓಡಾಡ್ತಾ ಉಂಟು, ಮೀಡಿಯಾ ಮಬ್ಬು ಅಂದ್ರೆ ಬ್ಯಾಕ್ಟೀರಿಯಾ, ಮಣಿ ಪೋಣಿಸಿದ ಹಾಗೆ ಮೊಗ್ಗು ಒಡೀತಾ ಇದ್ರೆ ಯೀಸ್ಟ್, ನೂಲು ಹಬ್ಬಿ ಹತ್ತಿ ಉಂಡೆ ಆದ್ರೆ ಬೂಷ್ಟು. ಬೂಷ್ಟು ನಮ್ಮಲ್ಲಿ ಆಟಿ ತಿಂಗಳ ನೆಂಟ. ಒಂದು ವರ್ಷ ಜುಲೈ ಒಂದೇ ತಿಂಗಳಲ್ಲಿ ಹನ್ನೊಂದು ಫ್ಲಾಸ್ಕ್ ಹೋಯ್ತು, ಹುಡ್ ಸರ್ವಿಸ್ ಮಾಡಿಸಿದ್ದಾಯ್ತು, ಮೀಡಿಯಾ ಬದಲಿಸಿದ್ದಾಯ್ತು, ಒಬ್ಬರ ಮೇಲೆ ಒಬ್ಬರು ಹೇಳಿಕೊಂಡದ್ದೂ ಆಯ್ತು. ಕಡೆಗೆ ಸಿಕ್ಕಿದ್ದು ಎಲ್ಲಿ ಅಂದ್ರೆ ಇನ್‌ಕ್ಯುಬೇಟರಿನ ಅಡಿಯಲ್ಲಿ ಪಿಪೆಟ್ ಬಂದಿದ್ದ ರಟ್ಟಿನ ಪೆಟ್ಟಿಗೆ, ಗೋಡೆಗೆ ತಾಗಿ ಒದ್ದೆಯಾಗಿ ಹಿಂದಿನ ಬದಿ ಪೂರ್ತಿ ಹಸಿರು-ಕಪ್ಪು. ಬಾಗಿಲು ತೆಗೆದಾಗೆಲ್ಲ ಫ್ಯಾನ್ ಅದನ್ನೇ ಒಳಗೆ ಎಳೀತಿತ್ತು. ಅಂದಿನಿಂದ ಕಲ್ಚರ್ ರೂಮಿಗೆ ರಟ್ಟು ಪ್ರವೇಶ ಇಲ್ಲ. ಇನ್‌ಕ್ಯುಬೇಟರಿನ ನೀರಿನ ಟ್ರೇಗೆ ಬಾವಿ ನೀರು ಹಾಕುವವರೂ ಇದ್ದಾರೆ, ಆಟೋಕ್ಲೇವ್ ಮಾಡಿದ ಡಿಸ್ಟಿಲ್ಡ್ ನೀರು ಹಾಕಿ, ವಾರಕ್ಕೊಮ್ಮೆ ಬದಲಿಸಿ. ಎಸಿಯ ಗಾಳಿ ನೇರ ಹುಡ್ಡಿನ ಬಾಯಿಗೆ ಬೀಳ್ತದಾ ಅಂತಲೂ ನೋಡಿ.

ಬೂಷ್ಟು ಕೊಲ್ಲುವ ಅಂಫೊಟೆರಿಸಿನ್ ಹಾಕಿ ಉಳಿಸುವಾ ಅಂತ ಎಲ್ಲರಿಗೂ ಆಸೆ. ಆ ಮದ್ದು ಮನುಷ್ಯರ ಕಿಡ್ನಿಗೇ ಪೆಟ್ಟು ಕೊಡುವಂಥದ್ದು ಅಂತ ಡಾಕ್ಟರುಗಳಿಗೆ ಗೊತ್ತಿರುವುದೇ, ಕಿಡ್ನಿಯಿಂದ ಬಂದ ನಿಮ್ಮ ಸೆಲ್ಸ್ ಖುಷಿಯಲ್ಲಿ ಇರ್ತವಾ? ಅಡಿಕೆಗೆ ಮಹಾಳಿ ಬರುವ ಮೊದಲೇ ಬೋರ್ಡೊ ಬಿಡುವುದಲ್ಲದೆ ಕಾಯಿ ಉದುರ್ಲಿಕ್ಕೆ ಶುರು ಆದ ಮೇಲೆ ಬಿಟ್ರೆ ಎಂತ ಉಪಯೋಗ, ಇದೂ ಹಾಗೇ. ಬಿಸಾಡಿ. ಬಿಸಾಡುವಾಗ ಮುಚ್ಚಳ ತೆಗೆದು ಹುಡ್ ಒಳಗೆ ಬೂಷ್ಟಿನ ಬೀಜ ಹಾರಿಸ್ಬೇಡಿ, ಹೊರಗೆ ತಂದು ಬ್ಲೀಚ್ ಹಾಕಿ ಅರ್ಧ ಗಂಟೆ ಬಿಡಿ. ಬ್ಲೀಚ್ ಹಾಕಿದ್ದನ್ನು ಪುನಃ ಆಟೋಕ್ಲೇವಿಗೆ ಇಡ್ಬೇಡಿ, ಕ್ಲೋರಿನ್ ಹೊಗೆ ಬಂದು ರೂಮಲ್ಲಿ ನಿಲ್ಲಿಕ್ಕಾಗುವುದಿಲ್ಲ. ಎರಡರಲ್ಲಿ ಒಂದು ಸಾಕು. ಒಂದೇ ಫ್ಲಾಸ್ಕಿಗೆ ಬಂದಿದ್ರೆ ಅದು ಕೈಯ ತಪ್ಪು, ಎಲ್ಲದಕ್ಕೂ ಒಟ್ಟಿಗೆ ಬಂದಿದ್ರೆ ಮೀಡಿಯಾ, ಅದಕ್ಕೆ ಬೆರೆಸುವ ಸೀರಂ (ಪ್ರಾಣಿಯ ರಕ್ತದ ತಿಳಿ) ಅಥವಾ ಇನ್‌ಕ್ಯುಬೇಟರ್. ಸೆಲ್ಸ್ ಇಲ್ಲದೆ ಬರೇ ಮೀಡಿಯಾ ಹಾಕಿದ ಒಂದು ಡಿಶ್ ಎರಡು ದಿನ ಒಳಗಿಟ್ರೆ ಯಾರ ಮೇಲೆ ಸಿಟ್ಟು ಮಾಡ್ಬೇಕು ಅಂತ ಗೊತ್ತಾಗ್ತದೆ.

ಭಾರೀ ಚೆಂದ ಬೆಳೀತಾ ಉಂಟು, ಆದ್ರೆ ಉದ್ದುದ್ದ

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ, ಯಾಕಂದ್ರೆ ಇದು ಲಕ್ಷಣ ಅಂತಲೇ ಅನಿಸುವುದಿಲ್ಲ, ಖುಷಿ ಆಗ್ತದೆ. ಉದ್ದ, ಎರಡು ತುದಿ ಚೂಪು, ಎಲ್ಲ ಒಂದೇ ದಿಕ್ಕಿಗೆ ಮೀನಿನ ಹಿಂಡಿನ ಹಾಗೆ ಸುಳಿ ಸುಳಿಯಾಗಿ ತಿರುಗಿ ನಿಂತಿದ್ರೆ ಅದು ಫೈಬ್ರೊಬ್ಲಾಸ್ಟ್, ಗೆಡ್ಡೆಯ ಮಧ್ಯೆ ಇರುವ ನಾರು ಸೆಲ್ಸ್. ಗೆಡ್ಡೆಯ ಸೆಲ್ಸ್ ಆದ್ರೆ ಕಲ್ಲು ಹಾಸಿದ ಅಂಗಳದ ಹಾಗೆ ಒತ್ತೊತ್ತಾಗಿ ದ್ವೀಪ ಕಟ್ತವೆ. ಸೀರಂ ಜಾಸ್ತಿ ಇದ್ದಷ್ಟು ಫೈಬ್ರೊಬ್ಲಾಸ್ಟಿಗೆ ಹಬ್ಬ, ಎರಡು ವಾರದಲ್ಲಿ ದ್ವೀಪವನ್ನು ನುಂಗಿ ಬಿಡ್ತವೆ.

ಖರ್ಚಿಲ್ಲದ ದಾರಿ ಮೊದಲು. ಟ್ರಿಪ್ಸಿನ್ ಹಾಕಿ ಮೈಕ್ರೋಸ್ಕೋಪಿನ ಕೆಳಗೇ ನೋಡ್ತಾ ಇರಿ, ಫೈಬ್ರೊಬ್ಲಾಸ್ಟ್ ಒಂದೆರಡು ನಿಮಿಷದಲ್ಲಿ ಗುಂಡಗಾಗಿ ಏಳ್ತವೆ, ದ್ವೀಪದವು ಗಟ್ಟಿ ಕೂತಿರ್ತವೆ. ಎದ್ದದ್ದನ್ನು ತೊಳೆದು ತೆಗೀರಿ, ಉಳಿದದ್ದಕ್ಕೆ ಹೊಸ ಮೀಡಿಯಾ. ಒಂದು ಸಲಕ್ಕೆ ಮುಗಿಯುವುದಿಲ್ಲ, ಪ್ರತೀ ಪಾಸೇಜಲ್ಲಿ ಮಾಡ್ಬೇಕು. ಇನ್ನೊಂದು ಉಪಾಯ ಇದರ ಉಲ್ಟಾ: ಫೈಬ್ರೊಬ್ಲಾಸ್ಟ್ ಬೇಗ ಅಂಟ್ತವೆ, ಹಾಗಾಗಿ ಎಲ್ಲವನ್ನೂ ಒಂದು ಡಿಶ್ಶಿಗೆ ಹಾಕಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಅಂಟದೆ ತೇಲುವುದನ್ನು ಬೇರೆ ಫ್ಲಾಸ್ಕಿಗೆ ದಾಟಿಸುವುದು. ಆಮೇಲೆ ಸೀರಂ ಇಳಿಸಿ, ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೆನಿಯಂ, ಇಜಿಎಫ್ ತರದ ಬೆಳವಣಿಗೆಯ ಸಾಮಾನು ಕೊಟ್ಟು ನೋಡುವುದು. ಕೊನೆಗೆ ದ್ವೀಪದ ಸುತ್ತ ಕ್ಲೋನಿಂಗ್ ರಿಂಗ್ ಇಟ್ಟು ಅದನ್ನೊಂದೇ ಎತ್ತುವುದು, ಅದಕ್ಕೆ ಕೈ ನಡುಗಬಾರದು, ಹಾಗಾಗಿ ಚಾ ಕುಡಿಯುವ ಮೊದಲೇ ಮಾಡಿ.

ವೈಮೆಂಟಿನ್ (ಫೈಬ್ರೊಬ್ಲಾಸ್ಟಲ್ಲಿ ಇರುವ ಪ್ರೋಟೀನ್) ಸ್ಟೇನ್ ಮಾಡಿ ಪಾಸಿಟಿವ್ ಬಂತು, ಹಾಗಾದ್ರೆ ಎಲ್ಲ ಫೈಬ್ರೊಬ್ಲಾಸ್ಟೇ ಅಂತ ಒಬ್ಬ ಹುಡುಗ ಒಳ್ಳೆ ಫ್ಲಾಸ್ಕನ್ನು ಬಿಸಾಡಿದ್ದ. ಬೇರೆ ಎಷ್ಟೋ ಕ್ಯಾನ್ಸರಲ್ಲಿ ಆ ಲೆಕ್ಕ ಸಮ, ಕಿಡ್ನಿಯಲ್ಲಿ ಅಲ್ಲ, ಕ್ಲಿಯರ್ ಸೆಲ್ಲೂ ಪ್ಯಾಪಿಲರಿಯೂ ವೈಮೆಂಟಿನನ್ನೂ ಕೆರಾಟಿನನ್ನೂ (ಒತ್ತೊತ್ತಾಗಿ ಕೂರುವ ಸೆಲ್ಸಿನ ಪ್ರೋಟೀನ್) ಒಟ್ಟಿಗೆ ತೋರಿಸ್ತವೆ. ನೋಡ್ಬೇಕಾದದ್ದು ಕೆರಾಟಿನ್ ಉಂಟಾ, ನ್ಯೂಕ್ಲಿಯಸ್ಸಲ್ಲಿ ಕಿಡ್ನಿ ಸೆಲ್ಸಿನ ಗುರುತಾದ ಪ್ಯಾಕ್ಸ್8 ಉಂಟಾ ಅಂತ.

ಅಂಗಳದ ಹಾಗೇ ಕಾಣ್ತದೆ, ಆದ್ರೆ ಐದಾರು ಪಾಸೇಜಿಗೆ ನಿಂತು ಹೋಯ್ತು

ಇದು ಮೇಲಿನದ್ದಕ್ಕಿಂತ ಕಳ್ಳ. ಒಳ್ಳೆ ಕಿಡ್ನಿಯ ಟ್ಯೂಬ್ಯೂಲ್ ಸೆಲ್ಸೂ ಅದೇ ತರ ಒತ್ತೊತ್ತಾಗಿ ಬೆಳೀತವೆ, ಕೆರಾಟಿನ್ ಪಾಸಿಟಿವ್, ಪ್ಯಾಕ್ಸ್8 ಪಾಸಿಟಿವ್, ನೋಡ್ಲಿಕ್ಕೆ ಸೌಮ್ಯ. ಎಷ್ಟೋ ಸಲ ಗೆಡ್ಡೆಯ ಸೆಲ್ಸಿಗಿಂತ ಚುರುಕು. ಮತ್ತೆ ನಾಲ್ಕೈದು ಪಾಸೇಜ್ ಆದ ಮೇಲೆ ಒಂದೊಂದೂ ದೋಸೆಯಷ್ಟು ಅಗಲ ಆಗಿ, ಚಪ್ಪಟೆಯಾಗಿ, ಕೂತಲ್ಲೇ ಕೂತ್ಕೊಳ್ತವೆ. ವಯಸ್ಸಾಯ್ತು ಅಂತ. ಬೀಟಾ ಗ್ಯಾಲಕ್ಟೊಸಿಡೇಸ್ ಸ್ಟೇನ್ ಮಾಡಿದ್ರೆ ನೀಲಿ ಬರ್ತದೆ.

ಮೊದಲು ಸಣ್ಣ ಕಾರಣ ತಳ್ಳಿ ಹಾಕಿ: ಸೀರಂ ಲಾಟ್ ಬದಲಾಗಿದೆಯಾ, ತೀರಾ ತೆಳುವಾಗಿ ಹರಡಿದ್ರಾ, ಟ್ರಿಪ್ಸಿನಲ್ಲಿ ಹತ್ತು ನಿಮಿಷ ಬಿಟ್ಟು ಫೋನಲ್ಲಿ ಮಾತಾಡಿದ್ರಾ. ಹೊಸ ಲೈನಿನ ಒಂದು ಫ್ಲಾಸ್ಕನ್ನು ಎರಡಕ್ಕಿಂತ ಹೆಚ್ಚು ಫ್ಲಾಸ್ಕಿಗೆ ಹಂಚ್ಬೇಡಿ. ಇದೆಲ್ಲ ಸರಿ ಇದ್ದೂ ನಿಂತಿದ್ರೆ ಕ್ರೋಮೋಸೋಮ್ ನೋಡದೆ ಬೇರೆ ದಾರಿ ಇಲ್ಲ. ಪ್ಯಾಪಿಲರಿಯ ಸಹಿ ಅಂದ್ರೆ 7 ಮತ್ತು 17 ಹೆಚ್ಚು ಇರುವುದು, ಗಂಡಸರಾದ್ರೆ ಹೆಚ್ಚಾಗಿ ವೈ ಕಳೆದು ಹೋಗಿರುವುದು. 7 ಒಂದನ್ನೇ ನೋಡಿ ಗಂಟೆ ಹೊಡೀಬೇಡಿ, ಅದು ಗೆಡ್ಡೆ ಅಲ್ಲದ ಕಿಡ್ನಿ ಟಿಶ್ಯೂವಲ್ಲೂ ಕೆಲವೊಮ್ಮೆ ಕಂಡದ್ದುಂಟು, 17 ಒಟ್ಟಿಗೆ ಬೇಕು. ಮೈನಸ್ 80ರ ಚೂರು, ಒಳ್ಳೆ ಕಿಡ್ನಿಯ ಚೂರು ತೆಗೆದಿಡಿ ಅಂದದ್ದು ಇದಕ್ಕೇ, ಅವೆರಡರಲ್ಲಿ ಯಾವುದರ ಜೊತೆ ನಿಮ್ಮ ಫ್ಲಾಸ್ಕ್ ಹೋಲ್ತದೆ ನೋಡಿ. ಫೀಡರ್ ಸೆಲ್ಸ್ (ಆಧಾರಕ್ಕೆ ಹಾಕುವ ಬೇರೆ ಸೆಲ್ಸ್) ಮತ್ತು ರಾಕ್ ಇನ್ಹಿಬಿಟರ್ ಅನ್ನುವ ಮದ್ದು ಹಾಕಿ ಬೆಳೆಸುವ ಪದ್ಧತಿಯಲ್ಲಂತೂ ಒಳ್ಳೆ ಸೆಲ್ಸೂ ನಿಲ್ಲದೆ ಬೆಳೀತವೆ, ಅಲ್ಲಿ ಈ ಪರೀಕ್ಷೆ ಇಲ್ಲದೆ ಒಂದು ಹೆಜ್ಜೆ ಮುಂದೆ ಇಡ್ಬೇಡಿ.

ಐದನೇ ಪಾಸೇಜಿಗೆ ಲೈನ್ ಆಯ್ತು ಅಂತ ಪೋಸ್ಟರ್ ಮಾಡುವವರನ್ನು ಕಂಡಿದ್ದೇನೆ. ನಾವೂ ಮಾಡಿದ್ದೆವು ಒಮ್ಮೆ.

ಎಲ್ಲ ಸರಿ ಉಂಟು, ಆದ್ರೂ ಎಂತದ್ದೋ ಸರಿ ಇಲ್ಲ

ಮೀಡಿಯಾ ತಿಳಿ, ಚುಕ್ಕೆ ಇಲ್ಲ, ಆದ್ರೆ ಬೆಳವಣಿಗೆ ನಿಧಾನ, ಸೆಲ್ಸ್ ಒರಟು, ಎಂಟಿಟಿ (ಎಷ್ಟು ಸೆಲ್ಸಿಗೆ ಜೀವ ಉಂಟು ಅಂತ ಬಣ್ಣದಲ್ಲಿ ಅಳೆಯುವ ಪರೀಕ್ಷೆ) ರೀಡಿಂಗ್ ಒಂದು ದಿನ ಹೀಗೆ ಒಂದು ದಿನ ಹಾಗೆ. ಮೈಕೊಪ್ಲಾಸ್ಮ ಅನ್ನುವ ಅತಿ ಸಣ್ಣ ಬ್ಯಾಕ್ಟೀರಿಯಾ ಅಂತ ತಿಳ್ಕೊಂಡೇ ಶುರು ಮಾಡಿ, ಅಲ್ಲ ಅಂತ ಟೆಸ್ಟೇ ಹೇಳ್ಲಿ. ಇದಕ್ಕೆ ಗೋಡೆಯೇ ಇಲ್ಲ, ಹಾಗಾಗಿ ಗೋಡೆ ಒಡೆಯುವ ಪೆನಿಸಿಲಿನ್‌ಗೆ ಕ್ಯಾರೇ ಅನ್ನುವುದಿಲ್ಲ, 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳಿ ಬರ್ತದೆ, ಒಂದು ಎಂಎಲ್‌ನಲ್ಲಿ ಕೋಟಿ ಇದ್ರೂ ಮೀಡಿಯಾ ಮಬ್ಬಾಗುವುದಿಲ್ಲ. ಒರೇಲ್ ಅನ್ನುವ ಜಾತಿ ನಮ್ಮ ಬಾಯಿಯದ್ದೇ, ಹುಡ್ ಎದುರು ಕೂತು ಪಟ್ಟಾಂಗ ಹೊಡೀತಾ ಪಿಪೆಟ್ ಮಾಡುವವರ ಕೊಡುಗೆ.

ಆಂಟಿಬಯೋಟಿಕ್ ನಿಲ್ಲಿಸಿ ಮೂರು ನಾಲ್ಕು ದಿನ ಬೆಳೆಸಿ, ಫ್ಲಾಸ್ಕ್ ತುಂಬುವ ಹೊತ್ತಿಗೆ ಮೇಲಿನ ಮೀಡಿಯಾ ತೆಗೆದು ಪಿಸಿಆರ್ ಮಾಡಿ. ಜೊತೆಗೆ ಹೋಕ್ಸ್ಟ್ ಸ್ಟೇನ್ ಮಾಡಿದ್ರೆ ನ್ಯೂಕ್ಲಿಯಸ್ಸಿನ ಹೊರಗೆ ರವೆ ಚೆಲ್ಲಿದ ಹಾಗೆ ಹೊಳೆಯುವ ಚುಕ್ಕೆಗಳು. ಹೋಕ್ಸ್ಟ್ ಡಿಎನ್‌ಎಗೆ ಅಂಟುವಂಥದ್ದು, ಗ್ಲೌಸ್ ಇಲ್ಲದೆ ಮುಟ್ಟುವುದು ಬೇಡ. ಪಾಸಿಟಿವ್ ಬಂದ್ರೆ, ಕ್ಲೀನ್ ಇದ್ದಾಗ ಫ್ರೀಜ್ ಮಾಡಿದ ವಯಲ್ (ಸಣ್ಣ ಟ್ಯೂಬ್) ಉಂಟಾದ್ರೆ ಈಗಿನದ್ದನ್ನು ಬಿಸಾಡಿ ಅದನ್ನು ತೆಗೀರಿ. ಬೇರೆ ಇಲ್ಲವೇ ಇಲ್ಲ, ಪೇಶೆಂಟೂ ತೀರಿಕೊಂಡಿದ್ದಾರೆ, ಇದೊಂದೇ ಗತಿ ಅಂದ್ರೆ ಮಾತ್ರ ಬೇರೆ ಇನ್‌ಕ್ಯುಬೇಟರಲ್ಲಿಟ್ಟು ಮೈಕೊಪ್ಲಾಸ್ಮಾದ ಮದ್ದು ಎರಡು ವಾರ ಕೊಟ್ಟು, ಮದ್ದು ನಿಲ್ಲಿಸಿ ಒಂದೆರಡು ತಿಂಗಳು ಪುನಃ ಪುನಃ ಟೆಸ್ಟ್ ಮಾಡಿ. ಪಕ್ಕದ ಲ್ಯಾಬಿನವರಿಗೆ ಹೇಳಿ. ಮುಚ್ಚಿಟ್ರೆ ಅವರದ್ದೂ ಹೋಗ್ತದೆ.

ನಿಧಾನ ಇದ್ದದ್ದು ಇದ್ದಕ್ಕಿದ್ದ ಹಾಗೆ ಓಡ್ಲಿಕ್ಕೆ ಶುರು

ನಮ್ಮ ಏಳನೇ ನಂಬರ್ ಲೈನಿನ ಕಥೆ ಇದು. ಒಬ್ರು ಅಜ್ಜಿಯ ಗೆಡ್ಡೆ, ಪೆಥಾಲಜಿ ರಿಪೋರ್ಟ್ ಪಕ್ಕಾ ಪ್ಯಾಪಿಲರಿ. ಆರು ತಿಂಗಳು ವಾರಕ್ಕೊಮ್ಮೆ ಎರಡು ಪಟ್ಟು ಆಗ್ತಾ ಅಂಬೆಗಾಲಿಡ್ತಿದ್ದ ಸೆಲ್ಸ್ ಒಂಬತ್ತನೇ ಪಾಸೇಜಿಗೆ ಎರಡೇ ದಿನಕ್ಕೆ ಫ್ಲಾಸ್ಕ್ ತುಂಬಿಸ್ಲಿಕ್ಕೆ ಶುರು ಮಾಡಿದ್ವು. ಕ್ರೈಸಿಸ್, ಅಂದ್ರೆ ಸೆಲ್ಸ್ ವಯಸ್ಸಾಗಿ ಸಾಯುವ ಘಟ್ಟ, ದಾಟಿತು, ಇನ್ನು ಅಮರ, ಅಂತ ನಾನೇ ಪಾಯಸ ಹಂಚಿದ್ದು. ಪೇಪರ್ ಬರೀಲಿಕ್ಕೆ ಬೇಕು ಅಂತ, ಸೆಲ್ಸ್ ಯಾರದ್ದು ಅಂತ ಡಿಎನ್‌ಎಯಲ್ಲಿ ಗುರುತಿಸುವ ಪರೀಕ್ಷೆ, ಎಸ್‌ಟಿಆರ್‌ಗೆ ಕಳಿಸಿದ್ದೆವು, ರಿಪೋರ್ಟ್ ಬಂದಾಗ ಕಣ್ಣು ಹೋದದ್ದು ಗಂಡೋ ಹೆಣ್ಣೋ ಹೇಳುವ ಅಮೆಲೊಜೆನಿನ್ ಅನ್ನುವ ಸಾಲಿಗೆ. ಎಕ್ಸ್, ವೈ. ಅಜ್ಜಿಗೆ ವೈ ಎಲ್ಲಿಂದ ಬಂತು?

ಉಳಿದ ನಂಬರುಗಳನ್ನು ಹೋಲಿಸಿದ್ರೆ ನಮ್ಮದೇ ಫ್ರೀಜರಿನಲ್ಲಿದ್ದ ಇನ್ನೊಂದು ಕಿಡ್ನಿ ಕ್ಯಾನ್ಸರ್ ಲೈನಿನದ್ದು, ಅಕ್ಷರ ಅಕ್ಷರ. ಎರಡಕ್ಕೂ ಒಂದೇ ಬಾಟಲಿಯ ಮೀಡಿಯಾ ಬಳಸಿದ್ದೆವು, ಅದೇ ದಾರಿ ಇರ್ಬೇಕು. ಒಂದೇ ಒಂದು ಹನಿ ಸಾಕು, ವೇಗ ಇರುವುದು ಗೆಲ್ತದೆ. ಇದು ನಮ್ಮೊಬ್ಬರ ಮರ್ಯಾದೆಯ ಪ್ರಶ್ನೆ ಅಲ್ಲ ಅಂತ ಸಮಾಧಾನ ಮಾಡ್ಕೊಂಡದ್ದು ಹಳೆ ಕಥೆ ನೆನೆಸಿ: ಹೆನ್ರಿಯೆಟಾ ಲ್ಯಾಕ್ಸ್ ಅವರಿಂದ 1951ರಲ್ಲಿ ಬಂದ ಹೀಲಾ ಸೆಲ್ಸ್, ಬೇರೆ ಬೇರೆ ಅಂಗದ್ದು ಅಂತ ಜನ ಸಾಕ್ತಿದ್ದ ಎಷ್ಟೋ ಲೈನುಗಳನ್ನು ನುಂಗಿ ಕೂತಿತ್ತು, ಸ್ಟ್ಯಾನ್ಲಿ ಗಾರ್ಟ್ಲರ್ 1966ರಲ್ಲಿ ಅದನ್ನು ಎತ್ತಿ ತೋರಿಸಿದ್ದು. ಚಾಂಗ್ ಲಿವರ್ ಅಂತ ಇರುವುದೂ ಲಿವರ್ ಅಲ್ಲ, ಹೀಲಾನೇ.

ಹಾಗಾಗಿ ವೇಗ ಹೆಚ್ಚಿದ್ರೆ ಪಾಯಸಕ್ಕೆ ಮೊದಲು ಎಸ್‌ಟಿಆರ್. ರಕ್ತದ ಡಿಎನ್‌ಎ, ಗೆಡ್ಡೆಯ ಚೂರು, ಈಗಿನ ಪಾಸೇಜ್, ಮೂರನ್ನೂ ಒಟ್ಟಿಗೆ ಕಳಿಸಿ. 80 ಪರ್ಸೆಂಟ್ ಮೇಲೆ ಹೊಂದಿದ್ರೆ ಒಬ್ಬರದ್ದೇ ಅಂತ ಲೆಕ್ಕ, ಕ್ಯಾನ್ಸರ್ ಸೆಲ್ಸ್ ಒಂದೆರಡು ಕಡೆ ಅಲೀಲ್ (ಆ ಜಾಗದ ಎರಡು ಪ್ರತಿಯಲ್ಲಿ ಒಂದು) ಕಳ್ಕೊಳ್ಳುವುದು ಸಹಜ, ಪೂರ್ತಿ ನೂರು ಬರ್ಲಿಕ್ಕಿಲ್ಲ. ಗಂಡಸರ ಗೆಡ್ಡೆಯಲ್ಲಿ ಎಕ್ಸ್ ಒಂದೇ ಕಂಡ್ರೆ ಹೆದರ್ಬೇಡಿ, ವೈ ಕಳೆದು ಹೋಗುವುದು ಪ್ಯಾಪಿಲರಿಯಲ್ಲಿ ಮಾಮೂಲು. ಹೆಂಗಸರದ್ದರಲ್ಲಿ ವೈ ಬಂದ್ರೆ ಮಾತ್ರ ಅದಕ್ಕೆ ಯಾವ ನೆಪವೂ ಇಲ್ಲ. ಬಂದ ನಂಬರನ್ನು ಸೆಲ್ ಲೈನುಗಳ ಪಟ್ಟಿ ಇರುವ ಸೆಲ್ಲೋಸಾರಸ್ ಡೇಟಾಬೇಸಿಗೆ ಹಾಕಿ ಬೇರೆ ಯಾವ ಲೈನಿಗೂ ಹೊಂದುವುದಿಲ್ಲ ಅಂತಲೂ ನೋಡಿ, ಅದು ಪುಕ್ಕಟೆ. ಹೊರಗಿನ ಲೈನ್ ಬೇಕಾದ್ರೆ ಗೆಳೆಯರ ಫ್ರೀಜರಿಂದ ತರ್ಬೇಡಿ, ಪುಣೆಯ ಎನ್‌ಸಿಸಿಎಸ್‌ನಂಥ ಸೆಲ್ ಬ್ಯಾಂಕಿಂದ ತನ್ನಿ.

ಏಳನೇ ನಂಬರ್ ಏನಾಯ್ತು ಅಂದ್ರೆ, ನಾಲ್ಕನೇ ಪಾಸೇಜಿನ ಎರಡು ವಯಲ್ ಉಳಿದಿತ್ತು, ಅದು ಅಜ್ಜಿಯದ್ದೇ. ಅಲ್ಲಿಂದ ಪುನಃ ಶುರು.

ಸೆಲ್ಸ್ ಅವರದ್ದೇ, ಮಾರ್ಕರ್ ಮಾತ್ರ ಪ್ಯಾಪಿಲರಿ ಅನ್ನುವುದಿಲ್ಲ

ಮೊದಲು ವ್ಯಾಕ್ಸ್ ಬ್ಲಾಕಿಗೆ ವಾಪಸ್ ಹೋಗಿ, ಅದೇ ಸ್ಟೇನ್ ಬ್ಲಾಕಲ್ಲೂ ಸೆಲ್ಸಲ್ಲೂ ಒಟ್ಟಿಗೆ ಮಾಡ್ಸಿ. ಸ್ಟೇನಲ್ಲಿ ಕಾಣುವ ಪ್ರೋಟೀನುಗಳಲ್ಲಿ ಸಿಕೆ7, ಎಎಂಎಸಿಆರ್ ಪಾಸಿಟಿವ್ ಪ್ಯಾಪಿಲರಿ ಕಡೆ, ಸಿಎ9 ಎಲ್ಲ ಸೆಲ್ಲಿನ ಅಂಚಿಗೂ ಗಟ್ಟಿ ಬಂದ್ರೆ ಕ್ಲಿಯರ್ ಸೆಲ್ ಕಡೆ. ಆದ್ರೆ ಫ್ಲಾಸ್ಕ್ ತುಂಬಿ ತುಳುಕಿದಾಗ ಆಕ್ಸಿಜನ್ ಕಡಿಮೆಯಾಗಿ ಸಿಎ9 ಅಲ್ಲಲ್ಲಿ ಬರ್ತದೆ, ಅದನ್ನು ನೋಡಿ ಗಾಬರಿ ಬೇಡ, ಅರ್ಧ ತುಂಬಿದ ಫ್ಲಾಸ್ಕಲ್ಲಿ ಪುನಃ ಮಾಡಿ. ಜೀನ್ ಲೆವೆಲ್ಲಲ್ಲಿ 3ನೇ ಕ್ರೋಮೋಸೋಮಿನ ಸಣ್ಣ ಕೈ ಕಳೆದು ಅಲ್ಲಿಯ ಜೀನ್ ವಿಎಚ್‌ಎಲ್ ಕೆಟ್ಟಿದ್ರೆ ಕ್ಲಿಯರ್ ಸೆಲ್ಲೇ. ಮೆಟ್ ಜೀನ್ ಇರುವುದು 7ರಲ್ಲಿ, ಅದರಲ್ಲಿ ಮ್ಯೂಟೇಶನ್ ಸಿಕ್ಕಿದ್ರೆ ಪ್ಯಾಪಿಲರಿಗೆ ಒಳ್ಳೆ ಸಾಕ್ಷಿ, ಸಿಗದಿದ್ರೆ ಪ್ಯಾಪಿಲರಿ ಅಲ್ಲ ಅಂತ ಅಲ್ಲ.

ಪ್ಯಾಪಿಲರಿಯ ಟೈಪ್ 1, ಟೈಪ್ 2 ಅನ್ನುವ ಭಾಗ ಡಬ್ಲ್ಯುಎಚ್‌ಒ 2022ರ ವರ್ಗೀಕರಣದಲ್ಲಿ ಇಲ್ಲ, ಹಳೆ ರಿಪೋರ್ಟಲ್ಲಿ ಟೈಪ್ 2 ಅಂತ ಇದ್ರೆ ಎಫ್‌ಎಚ್ ಮತ್ತು ಟಿಎಫ್‌ಇ3 ಎರಡು ಜೀನಿನ ಪರೀಕ್ಷೆಯನ್ನೂ ಕೇಳಿ ಮಾಡ್ಸಿ, ಅವುಗಳ ದೋಷದಿಂದ ಬಂದ ಗೆಡ್ಡೆ ಈಗ ಬೇರೆಯೇ ಜಾತಿ. ಎಫ್‌ಎಚ್ ಕೆಟ್ಟ ಸೆಲ್ಸ್ ಗ್ಲೂಕೋಸ್ ಮೇಲೇ ಬದುಕುವುದು, ಕಡಿಮೆ ಗ್ಲೂಕೋಸ್ ಮೀಡಿಯಾದಲ್ಲಿ ಬೇಗ ಸಾಯ್ತವೆ, ಮೀಡಿಯಾ ಬೇಗ ಹಳದಿ ಆಗುವುದಕ್ಕೂ ಅದೇ ಕಾರಣ ಇರಬಹುದು. ಇಲ್ಲಿ ಒಂದು ಕಡೆ ನಿಲ್ಲಬೇಕು: ಎಫ್‌ಎಚ್ ದೋಷ ಹುಟ್ಟಿನಿಂದಲೇ ಬಂದು ಮನೆಯವರಿಗೂ ಇರಬಹುದಾದದ್ದು. ನೀವೇ ಫೋನ್ ಮಾಡಿ ಮನೆಯವರಿಗೆ ಹೇಳ್ಲಿಕ್ಕೆ ಹೋಗ್ಬೇಡಿ. ಎಥಿಕ್ಸ್ ಕಮಿಟಿಗೆ ತಿಳಿಸಿ, ಚಿಕಿತ್ಸೆ ಕೊಟ್ಟ ಡಾಕ್ಟರ್ ಮೂಲಕ, ಜೆನೆಟಿಕ್ ಕೌನ್ಸೆಲಿಂಗ್ ದಾರಿಯಲ್ಲಿ, ಆಸ್ಪತ್ರೆ ಲ್ಯಾಬಲ್ಲಿ ಪುನಃ ಪರೀಕ್ಷೆ ಆಗಿ ಹೋಗ್ಬೇಕು.

ಇಲಿಯಲ್ಲಿ ಗೆಡ್ಡೆ ಬರ್ತದಾ ನೋಡುವ ಕೆಲಸ ನಮ್ಮಂಥ ಸಣ್ಣ ಲ್ಯಾಬಿನದ್ದಲ್ಲ, ಪ್ರಾಣಿ ಪ್ರಯೋಗದ ಅನುಮತಿ ಇರುವವರ ಜೊತೆ ಸೇರಿ ಮಾಡಿ. ವಾಪಸ್ ತಂದು ಬೆಳೆಸಿದ್ದು ಮನುಷ್ಯರದ್ದಾ ಇಲಿಯದ್ದಾ ಅಂತ ಒಂದು ಪಿಸಿಆರ್, ಅಷ್ಟೇ.

ಫ್ರೀಜರಿಂದ ತೆಗೆದದ್ದು ಬದುಕುವುದಿಲ್ಲ

ಡಿಎಂಎಸ್‌ಒ (ಸೆಲ್ಸ್ ಐಸಿಂದ ಒಡೆಯದ ಹಾಗೆ ಕಾಪಾಡುವಂಥದ್ದು) 10 ಪರ್ಸೆಂಟ್, ನಿಮಿಷಕ್ಕೆ 1 ಡಿಗ್ರಿ ಇಳಿಸುವುದು, ಮೈನಸ್ 80ರಲ್ಲಿ ಒಂದು ರಾತ್ರಿ, ಅಲ್ಲಿಂದ ಲಿಕ್ವಿಡ್ ನೈಟ್ರೋಜನ್. ತಪ್ಪು ಹೆಚ್ಚಾಗಿ ಆಗುವುದು ಕೊನೇದರಲ್ಲಿ, ನಾಳೆ ದಾಟಿಸುವಾ ಅಂತ ಮೈನಸ್ 80ರಲ್ಲೇ ಆರು ತಿಂಗಳು. ಕರೆಂಟ್ ಹೋಗಿ ಬಂದು ಹೋಗಿ ಬಂದು ಅಲ್ಲೇ ಜೀವ ಹೋಗಿರ್ತದೆ. ಇಳಿಸುವುದು ನಿಧಾನ, ಕರಗಿಸುವುದು ಬೇಗ, 37 ಡಿಗ್ರಿ ನೀರಲ್ಲಿ ಒಂದೆರಡು ನಿಮಿಷ, ಸಣ್ಣ ಐಸಿನ ಹರಳು ಉಳಿದಿರುವಾಗಲೇ ತೆಗೆದು ಬೆಚ್ಚಗಿನ ಮೀಡಿಯಾ ಹನಿ ಹನಿಯಾಗಿ ಹಾಕಿ. ನೈಟ್ರೋಜನ್ ದ್ರವದ ಒಳಗೆ ಮುಳುಗಿದ್ದ ವಯಲ್ ಆದ್ರೆ ಫೇಸ್ ಶೀಲ್ಡ್ ಇಲ್ಲದೆ ಮುಟ್ಟಬೇಡಿ, ಒಳಗೆ ನುಗ್ಗಿದ ನೈಟ್ರೋಜನ್ ಬಿಸಿಗೆ ಹಿಗ್ಗಿ ಪಟಾಕಿಯ ಹಾಗೆ ಒಡೀತದೆ. ನೈಟ್ರೋಜನ್ ಕ್ಯಾನ್ ಇಟ್ಟ ರೂಮಿನ ಕಿಟಕಿ ಮಳೆ ಬರ್ತದೆ ಅಂತ ಮುಚ್ಚಿ ಎಸಿ ಹಾಕಿ ಕೂರ್ಬೇಡಿ, ಆಕ್ಸಿಜನ್ ಕಡಿಮೆ ಆಗುವುದು ಗೊತ್ತೇ ಆಗುವುದಿಲ್ಲ, ಬಿದ್ದ ಮೇಲೆ ಗೊತ್ತಾಗುವುದು. ಲಿಫ್ಟಲ್ಲಿ ಕ್ಯಾನ್ ಒಂದನ್ನೇ ಕಳಿಸಿ, ನೀವು ಮೆಟ್ಟಿಲಲ್ಲಿ ಹೋಗಿ.

ವಯಲಿನ ಮೇಲೆ ಪೆನ್ನಲ್ಲಿ ಬರೆದದ್ದು ಸ್ಪಿರಿಟ್ ತಾಗಿ ಅಳಿಸಿ ಹೋಗಿದ್ರೆ, ರ‍್ಯಾಕಲ್ಲಿ ಇದ್ದ ಜಾಗ ನೋಡಿ ಇದು ನಾಲ್ಕನೇದೇ ಇರ್ಬೇಕು ಅಂತ ಅಂದಾಜಿ ಮಾಡಿ ಮೇನ್ ಇನ್‌ಕ್ಯುಬೇಟರಿಗೆ ಇಡ್ಬೇಡಿ. ಕರಗಿಸುವುದೇ ಆದ್ರೆ ಬೇರೆ ಕಡೆ ಕರಗಿಸಿ, ಒಂದು ಪಾಲು ಮೊದಲು ಎಸ್‌ಟಿಆರ್‌ಗೆ ಹೋಗ್ಲಿ. ನಾವು ಈಗ ನೈಟ್ರೋಜನ್ ತಡೆಯುವ ಸ್ಟಿಕ್ಕರಿನ ಮೇಲೆ ಪೆನ್ಸಿಲಲ್ಲಿ ಬರೀತೇವೆ, ನಂಬರ್, ಪಾಸೇಜ್, ತಾರೀಕು, ಯಾರು ಇಟ್ಟದ್ದು ಅಂತ. ಪೆನ್ಸಿಲ್ ಸ್ಪಿರಿಟಿಗೆ ಅಳಿಯುವುದಿಲ್ಲ.